ಅಕ್ಕ ಅಳಿಸಿದ ಗೆರೆ

ಇವತ್ತು ಬೆಳಿಗ್ಗೆ ಎಂದಿನಂತೆ ಐದೂಮುಕ್ಕಾಲಿಗೆ ಎದ್ದೆ. ರಾತ್ರಿ ನೆನೆಸಿಟ್ಟ ಅಕ್ಕಿ ರುಬ್ಬಿ ನೀರುದೋಸೆಗೆ ಕಾವಲಿ ಇಟ್ಟೆ. ಇವರ ಡಬ್ಬಿಗೆ ದೋಸೆ, ಮಗಳ ಡಬ್ಬಿಗೆ ಸ್ಯಾಂಡ್‌ವಿಚ್. ಅವಳಿಗೆ ದೋಸೆ ಕಟ್ಟಿದರೆ ಹೋದ ಹಾಗೇ ವಾಪಸ್ ಬರುತ್ತದೆ. "ಚಟ್ನಿ ಬೇಕಾ?" ಎಂದು ಕೇಳಿದರೆ "ನೋ ಥ್ಯಾಂಕ್ಸ್, ಮಮ್ಮಾ" ಎಂದು ಉತ್ತರ. ಇವರು ಟ್ರೈನಿಗೆ ಹೊರಟರು. ಹೊಗೆ ಹೋಗಲಿ ಅಂತ ನಾನು ಅಡುಗೆಮನೆಯ ಕಿಟಕಿ ತೆರೆದೆ.

ಆಗ ಬಂತು ಆ ವಾಸನೆ. ಬಿಸಿ ಡಾಂಬರಿನದ್ದು.

ನಮ್ಮ ಬೀದಿಯ ಕೊನೆಯಲ್ಲಿ, ಇಷ್ಟು ವರ್ಷ ಬರೀ ಹುಲ್ಲು ಬೆಳೆದಿದ್ದ ಕಡೆ, ರೋಲರ್ ಹಿಂದೆ ಮುಂದೆ ಹೋಗುತ್ತಿತ್ತು. ಇಷ್ಟು ವರ್ಷ ಅಲ್ಲಿ ಅಡ್ಡ ಕಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ ಕಾಣಲಿಲ್ಲ. ಮಣ್ಣಿನ ರಾಶಿಯೂ ಇರಲಿಲ್ಲ. ಕಾವಲಿಯ ಮೇಲಿದ್ದ ದೋಸೆ ಕರಟಿ ಕಪ್ಪಾಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಮಗಳು ಬಂದು ಗ್ಯಾಸ್ ಆರಿಸಿದಳು.

ಅಕ್ಕ ನೆನಪಾದರು. ನೆನಪಾದರು ಅಂತ ಹೇಳುವುದೂ ಸುಳ್ಳೇ... ಅವರನ್ನು ಮರೆತ ದಿನ ಯಾವುದು?

ನಾವು ಮೊದಲು ಸಿಡ್ನಿಯಲ್ಲಿದ್ದೆವು, ಗಿರಾವೀನ್‌ನ ಒಂದು ಕೆಂಪು ಇಟ್ಟಿಗೆಯ ಯೂನಿಟ್‌ನಲ್ಲಿ. ಕೆಳಗೆ ನಾವು, ಮೇಲೆ ಅವರು. ಅವರು ಉಡುಪಿ ಕಡೆಯವರು, ನಾವು ಮಂಗಳೂರಿನ ಕೊಂಕಣಿ ಮಾತಾಡುವ ಕಥೊಲಿಕರು. ನಮ್ಮಿಬ್ಬರ ಮಾತು ತುಳುವಿನಲ್ಲಿ ಶುರುವಾಗಿ, ನನ್ನ ಮಗಳಿಗೂ ತಿಳಿಯಲಿ ಅಂತ ಕನ್ನಡಕ್ಕೆ ಬಂದು ನಿಲ್ಲುತ್ತಿತ್ತು. ಮೊದಲ ಸಲ ಅವರನ್ನು ನೋಡಿದಾಗ ಹತ್ತಿ ಚೂಡಿದಾರದ ಮೇಲೆ ರಸ್ತೆ ಕೆಲಸದವರ ಹಳದಿ ಹೈ-ವಿಸ್ ವೆಸ್ಟ್ ಹಾಕಿಕೊಂಡು ನಮ್ಮ ಮೆಟ್ಟಿಲುಗಳನ್ನು ಎಣಿಸುತ್ತಿದ್ದರು.

"ಎಂತ ಎಣಿಸುದು?" ಅಂದೆ.

"ಮೆಟ್ಟಿಲು ಮಾರಾಯ್ತಿ. ಹದಿನಾಲ್ಕು ಉಂಟು. ಕೈ ಹಿಡಿಕೊಳ್ಳುವ ಕಂಬಿ ಎಡಗಡೆ ಮಾತ್ರ."

"ಆ ವೆಸ್ಟ್ ಯಾಕೆ?"

"ಇದು ಹಾಕಿದ್ರೆ ಈ ದೇಶದಲ್ಲಿ ಯಾರೂ ಎಂತ ಮಾಡ್ತಿದ್ದಿ ಅಂತ ಕೇಳುದಿಲ್ಲ. ನೀನೊಬ್ಬಳೇ ಕೇಳಿದ್ದು!"

ಅಕ್ಕನ ಕೆಲಸ ವಯಸ್ಸಾದವರ ಮನೆಮನೆಗೆ ಹೋಗಿ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಒಬ್ಬ ಅಜ್ಜಿಯ ಮನೆ ಸಿಗದೆ ಒಂದು ಗಂಟೆ ಅಲೆದಿದ್ದರಂತೆ. ಆ ಮನೆ ಇನ್ನೊಂದು ಮನೆಯ ಬೆನ್ನಿಗೆ ಇತ್ತು, ಪಕ್ಕದ ಗೇಟಿನಿಂದ ಹೋಗಬೇಕಿತ್ತು. ಯಾವ ಮ್ಯಾಪೂ ಆ ಗೇಟನ್ನು ತೋರಿಸಲಿಲ್ಲ. ಒಳಗೆ ಅಜ್ಜಿ ಒದ್ದೆ ಬಟ್ಟೆಯಲ್ಲೇ ಕಾದು ಕೂತಿದ್ದಳು. ಆ ದಿನ ಬಸ್ ಸ್ಟಾಪಿನಲ್ಲಿ ಕೂತು ಅತ್ತುಬಿಟ್ಟೆ ಅಂತ ಅಕ್ಕ ಹೇಳಿದ್ದರು.

ಆಮೇಲೆ ಅವರಿಗೆ ಗೊತ್ತಾದದ್ದು, ಜನರೇ ಸೇರಿ ಮಾಡುವ ಒಂದು ಮ್ಯಾಪ್ ಉಂಟು ಅಂತ. ಕಂಪನಿಯದ್ದಲ್ಲ, ಸರಕಾರದ್ದೂ ಅಲ್ಲ. ನಮ್ಮಂಥವರೇ ಇಡೀ ದೇಶವನ್ನು ಬೀದಿ ಬೀದಿಯಾಗಿ ಬಿಡಿಸುವುದು. ಯಾರು ಬೇಕಾದರೂ ಗೆರೆ ಎಳೆಯಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಅಕ್ಕ ಹೋದಲ್ಲೆಲ್ಲ ಪಕ್ಕದ ಗೇಟು, ಗಾಲಿಕುರ್ಚಿ ಹೋಗುವ ಇಳಿಜಾರು, ಮೆಟ್ಟಿಲು, ಕೂರಲಿಕ್ಕೆ ಬೆಂಚು ಎಲ್ಲವನ್ನೂ ಅದಕ್ಕೆ ಸೇರಿಸುತ್ತಿದ್ದರು. "ನನ್ನ ಹೆಂಡತಿ ನನ್ನ ಮುಖ ಸರಿಯಾಗಿ ನೋಡಿ ವರ್ಷ ಆಯ್ತು. ಗೇಟು ಆಗಿದ್ರೆ ನೋಡ್ತಿದ್ದಳು," ಅಂತ ಭಾವ ತಮಾಷೆ ಮಾಡುವರು. ಅಕ್ಕನ ಗಂಡನನ್ನು ನಾನು ಭಾವ ಅಂತಲೇ ಕರೆಯುತ್ತಿದ್ದೆ. ಊರಲ್ಲಿ ಬ್ಯಾಂಕಿನಲ್ಲಿದ್ದವರು, ಇಲ್ಲಿ ವೇರ್‌ಹೌಸಿನಲ್ಲಿ ರಾತ್ರಿ ಪಾಳಿ. ಚಹಾಕ್ಕೆ ಸಕ್ಕರೆ ಹಾಕದೆ, ಬೆಲ್ಲದ ಚೂರೊಂದನ್ನು ಬಾಯಲ್ಲಿಟ್ಟು ಕುಡಿಯುವವರು.

ನನ್ನ ಅತ್ತೆ ಬಂದಿದ್ದಾಗ ಅಕ್ಕನಿಗೆ ಇನ್ನೊಂದು ಕೆಲಸ ಹೊಳೆಯಿತು. ಅತ್ತೆಗೆ ಓದಲು ಬರುವುದು ಕನ್ನಡ ಒಂದೇ. ಚರ್ಚಿಗೆಂದು ಒಬ್ಬರೇ ಹೊರಟು, ಎರಡು ಸ್ಟೇಷನ್ ಮುಂದೆ ಇಳಿದು, ಯಾರನ್ನೂ ಕೇಳಲಾಗದೆ ಜಪಮಾಲೆ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಅದಾದ ಮೇಲೆ ಅಕ್ಕ ಮ್ಯಾಪಿನಲ್ಲಿ ಊರು, ಸ್ಟೇಷನ್ನುಗಳ ಹೆಸರನ್ನೆಲ್ಲ ಕನ್ನಡದಲ್ಲಿ ಬರೆಯಲು ಕೂತರು. ಬೋರ್ಡು ನೋಡಿ ಬರೆಯುವವರಲ್ಲ ಅವರು. ಬಸ್ಸಿನ ಡ್ರೈವರ್ ಹತ್ತಿರ ಹೋಗಿ ಹೆಸರು ಹೇಳಿಸಿ, ಕೇಳಿ ಬರೆಯುವರು. "ಇನ್ನೊಂದ್ ಸಲ ಹೇಳ್ಬೇಕಾ, ಲವ್?" ಅಂತ ಇಲ್ಲಿಯವರ ಸಲಿಗೆಯಲ್ಲಿ ಆತ ನಗುವನು. ಇವರು ಸ್ಕೂಲ್ ಹುಡುಗಿಯ ಹಾಗೆ ತಲೆ ಆಡಿಸುವರು. ಅತ್ತೆಯ ಫೋನಿನಲ್ಲಿ ಮೊದಲ ಸಲ ಕನ್ನಡದಲ್ಲಿ 'ಗಿರಾವೀನ್' ಅಂತ ಮೂಡಿದ ದಿನ ಅತ್ತೆ ಆ ಗಾಜನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದ್ದರು.

ಅಕ್ಕ ನನ್ನನ್ನೂ ಎಳೆದುಕೊಂಡರು. ಕಾನ್ವೆಂಟಿನಲ್ಲಿ ಭೂಗೋಳದ ಸಿಸ್ಟರ್ ಕರಾವಳಿಯ ಗೆರೆಯನ್ನು ನೀಲಿ ಪೆನ್ಸಿಲಿನಲ್ಲಿ ಎಳೆಸುವರು. ಒಂದು ಕಡೆ ಉಬ್ಬಿದರೂ ಇಡೀ ಸಮುದ್ರ ಅಳಿಸಿ ಮತ್ತೆ ಎಳೆಯಬೇಕು. ಆ ಕೈ ನನಗೆ ಉಳಿದಿತ್ತು. ಮೇಲಿನಿಂದ ತೆಗೆದ ಚಿತ್ರದ ಮೇಲೆ ಬೀದಿಗಳನ್ನು ನಾನು ನೀಟಾಗಿ ಎಳೆಯುವುದು ನೋಡಿ ಅಕ್ಕ, "ನಿನ್ನ ಕೈ ನಡುಗುದೇ ಇಲ್ಲ ನೋಡು!" ಅಂದರು. ಮ್ಯಾಪಿನಲ್ಲಿ ನನಗೆ ಹೆಸರು ಏನಿಡಲಿ ಅಂತ ಕೇಳಿದ್ದಕ್ಕೆ, "ಅಡುಗೆಮನೆ ಕಿಟಕಿ ಅಂತ ಇಡು. ನಿನ್ನ ಪ್ರಪಂಚ ಅಲ್ಲಿಗೇ ಮುಗೀತದಲ್ಲ," ಅಂತ ಕೀಟಲೆ ಮಾಡಿದರು. ಅದನ್ನೇ ಇಟ್ಟುಕೊಂಡೆ. ನಾನು ಎಳೆದ ಪ್ರತಿ ಗೆರೆಯ ಜೊತೆ ಆ ಹೆಸರು ದಾಖಲಾಗುತ್ತದೆ. ಯಾರು ಬೇಕಾದರೂ ನೋಡಬಹುದು.

ಅವರದ್ದು ಒಂದೇ ನಿಯಮ. "ಕಾಲಿಟ್ಟು ನೋಡಿದ್ದನ್ನು ಮಾತ್ರ ಹಾಕು. ಇನ್ನೂ ಕಟ್ಟುತ್ತಾ ಇದ್ರೆ ಚುಕ್ಕೆ ಗೆರೆ. ನಾಳೆ ಆಗ್ತದೆ ಅಂತ ಇವತ್ತು ಹಾಕ್ಬಾರ್ದು. ಯಾರೋ ನಿನ್ನನ್ನು ನಂಬಿ ಹೋಗ್ತಾರೆ."

ನಂಬಿ ಹೋಗ್ತಾರೆ...

ಸಿಡ್ನಿಯ ರೆಂಟ್ ಏರಿ ಏರಿ ನಮ್ಮ ಕೈಗೆ ಸಿಗದ ಹಾಗಾಯಿತು. ಮೊದಲು ಅಕ್ಕ, ಭಾವ ಮೆಲ್ಬರ್ನಿಗೆ ಹೋಗಿ ವಿಂಡಮ್ ವೇಲ್‌ನ ಹೊಸ ಎಸ್ಟೇಟಿನಲ್ಲಿ, ಅಂದರೆ ಹೊಸ ಬಡಾವಣೆಯಲ್ಲಿ, ಮನೆ ಕಟ್ಟಿಸಿದರು. ಮರು ವರ್ಷ ಅವರ ಮಾತು ಕೇಳಿ ನಾವೂ ಬಂದೆವು. ಎರಡು ಬೀದಿ ಆಚೆ ಅವರ ಮನೆ. ಆಗ ಇಲ್ಲಿ ಮರವೇ ಇರಲಿಲ್ಲ. ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆಗೆಲ್ಲ ಕೆಂಪು ಮಣ್ಣು. ಬೀದಿಗಳು ಯಾವ ಮ್ಯಾಪಿನಲ್ಲೂ ಇರಲಿಲ್ಲ. ಪಿಜ್ಜಾ ತರುವವನೂ ಫೋನ್ ಮಾಡಿ ಬೈಯುತ್ತಿದ್ದ. ಅಕ್ಕನಿಗೆ ಹಬ್ಬವಾಯಿತು. ಸಂಜೆ ಇಬ್ಬರೂ ವೆಸ್ಟ್ ಹಾಕಿಕೊಂಡು ಬೀದಿ ಬೀದಿ ನಡೆದು, ಮನೆ ನಂಬರು ಬರೆದುಕೊಂಡು, ಒಂದೇ ತಿಂಗಳಲ್ಲಿ ಇಡೀ ಎಸ್ಟೇಟನ್ನು ಮ್ಯಾಪಿಗೆ ತಂದೆವು. ಪರಿಚಯದವರ ಫೋನುಗಳಿಗೆಲ್ಲ ಅಕ್ಕ ಆ ಮ್ಯಾಪ್ ಹಾಕಿಕೊಟ್ಟರು.

ಒಂದೇ ತೊಂದರೆ ಎಂದರೆ, ಎಸ್ಟೇಟಿಗೆ ಬರಲೂ ಹೋಗಲೂ ಒಂದೇ ದಾರಿ. ಮುಖ್ಯರಸ್ತೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಅಲ್ಲಿಗೆ ಹೋಗಲು ಇಡೀ ಎಸ್ಟೇಟು ಸುತ್ತಬೇಕು. ಮನೆ ಮಾರುವವರ ಆಫೀಸಿನ ಗೋಡೆಯಲ್ಲಿ ಬಣ್ಣದ ದೊಡ್ಡ ನಕ್ಷೆಯಿತ್ತು. ಅದರಲ್ಲಿ ನಮ್ಮ ಬೀದಿಯ ತುದಿಯಿಂದ ಮಳೆಗೆ ಮಾತ್ರ ನೀರು ಹರಿಯುವ ಒಣ ತೋಡನ್ನು ದಾಟಿ ಮುಖ್ಯರಸ್ತೆಗೆ ಸೇರುವ ರಸ್ತೆ. ಅದಕ್ಕೆ ಹೆಸರೂ ಇಟ್ಟಾಗಿತ್ತು. ಜಲ್ಲಿ ಬಿತ್ತು, ಅಗೆಯುವ ಯಂತ್ರ ಬಂತು. ಇನ್ನು ಎರಡು ವಾರ ಅಂದರು.

ಅಕ್ಕ ದಿನಾ ಕೆಲಸಕ್ಕೆ ತಡವಾಗಿ ಒದ್ದಾಡುತ್ತಿದ್ದರು. ಅವರ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ, ಸಾಂಬಾರು ಕುದಿಯುತ್ತಿರುವಾಗ, ನಾನು ಆ ನಕ್ಷೆಯ ಫೋಟೋ ನೋಡಿ ಆ ರಸ್ತೆಯನ್ನು ಎಳೆದೆ. ಚುಕ್ಕೆ ಗೆರೆಯಲ್ಲ, ತುಂಬಿದ ಗೆರೆ. ಎರಡು ವಾರ ಬಿಟ್ಟು ಮತ್ತೆ ಯಾಕೆ ತಿದ್ದುವುದು ಅಂತ. ನೆಂಟರು ಬರುವ ಮೊದಲೇ ತಟ್ಟೆ ಇಟ್ಟು ಅಭ್ಯಾಸ ನನಗೆ. ಕನ್ನಡದಲ್ಲೂ ಹೆಸರು ಬರೆದೆ. ರಸ್ತೆ ಬಿಟ್ಟ ದಿನ ಅಕ್ಕ ಮ್ಯಾಪ್ ತೆರೆದರೆ ಅಲ್ಲಿ ಆಗಲೇ ಅದು ಇರಬೇಕು, ನೋಡಿ ನಗಬೇಕು. ಅಷ್ಟೇ ಇದ್ದದ್ದು ನನ್ನ ತಲೆಯಲ್ಲಿ. ಅವರಿಗೆ ಹೇಳಲಿಲ್ಲ.

ತೋಡಿನ ಮೇಲಿನ ಕೆಲಸಕ್ಕೆ ಏನೋ ಅನುಮತಿ ಸಿಗಲಿಲ್ಲವಂತೆ. ಯಂತ್ರ ಹೊರಟು ಹೋಯಿತು. ಜಲ್ಲಿಯ ಮೇಲೆ ಹುಲ್ಲು ಬಂತು. ಹುಟ್ಟುಹಬ್ಬಕ್ಕೆ ನಾನು ಕೇಕ್ ಮಾಡಿದೆ. ಮಗಳಿಗೆ ಚಿಕನ್‌ಪಾಕ್ಸ್ ಬಂತು, ಅಮ್ಮನಿಗೆ ಊರಲ್ಲಿ ಆಪರೇಷನ್ ಆಯಿತು... ಗೆರೆ ಮರೆತೇ ಹೋಯಿತು. ಹೇಗೆ ಮರೆತೆ ಅಂತ ಇವತ್ತಿಗೂ ನನ್ನನ್ನು ನಾನೇ ಕೇಳುತ್ತೇನೆ.

ಆ ದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. ಕೆಲಸದಲ್ಲಿದ್ದರು. "ಭಾವ ಫೋನ್ ಎತ್ತುದಿಲ್ಲ. ಮಲಗಿರ್ಬೇಕು. ಒಂದ್ಸಲ ನೋಡ್ತೀಯಾ?"

ಹೋದೆ. ಭಾವ ಮಲಗಿರಲಿಲ್ಲ. ಊಟದ ಮೇಜಿನ ಮುಂದೆ ಕೂತಿದ್ದರು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಚಹಾ ಹಾಗೇ ಇತ್ತು, ಬೆಲ್ಲದ ಚೂರಿಗೆ ಇರುವೆ ಹತ್ತಿತ್ತು. "ಗ್ಯಾಸ್," ಅಂದರು. ಆಂಬುಲೆನ್ಸ್ ಕರೆಯುತ್ತೇನೆ ಅಂದರೆ ಕೈ ಅಡ್ಡ ಹಿಡಿದರು. "ಬೇಡ ಮಾರಾಯ್ತಿ, ಇಡೀ ಬೀದಿ ಬಾಗಿಲಿಗೆ ಬರ್ತದೆ. ಕಾರಲ್ಲೇ ಬಿಡು." ನಾನು ಮಾತು ಕೇಳಿ ಬೆಳೆದವಳು. ದೊಡ್ಡವರು ಬೇಡ ಅಂದರೆ ಬೇಡ. ಕಾರಿನಲ್ಲಿ ಕೂರಿಸಿದೆ.

ಫೋನಿನಲ್ಲಿ ಆಸ್ಪತ್ರೆ ಒತ್ತಿದೆ. ನೀಲಿ ದಾರಿ ಮೂಡಿತು. ಎಷ್ಟು ಹತ್ತಿರ ತೋರಿಸಿತು! ನಾನು ಯೋಚಿಸಲಿಲ್ಲ. ಅದು ಹೇಳಿದ ಕಡೆ ತಿರುಗಿಸಿದೆ. ಬೀದಿಯ ತುದಿಯಲ್ಲಿ ಬ್ಯಾರಿಯರನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು. ಜಲ್ಲಿ ಕಂಡಿತು, ಹೋದೆ. ಕಿತ್ತಳೆ ಬಲೆ ಎದುರು ಬಂದು ಬ್ರೇಕ್ ಒತ್ತಿದಾಗಲೇ ನನಗೆ ಗೊತ್ತಾದದ್ದು, ಈ ರಸ್ತೆಯನ್ನು ಎಳೆದವಳು ನಾನೇ ಅಂತ.

ಹಿಂದಕ್ಕೆ ತೆಗೆಯಲು ಹೋದೆ. ಹಿಂದಿನ ದಿನ ಮಳೆ ಬಂದಿತ್ತು. ಚಕ್ರ ಜೇಡಿಮಣ್ಣಿನಲ್ಲಿ ಇಳಿಯಿತು. ಒತ್ತಿದಷ್ಟೂ ಇಳಿಯಿತು.

ಟ್ರಿಪಲ್ ಝೀರೋಗೆ, ಇಲ್ಲಿಯ ತುರ್ತು ನಂಬರಿಗೆ, ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಶಾಂತವಾಗಿ ಎಲ್ಲಿದ್ದೀರಿ ಅಂತ ಕೇಳಿದಳು. ರಸ್ತೆಯ ಹೆಸರು ಹೇಳಿದೆ. ಆ ಹೆಸರು ಸಿಗುತ್ತಿಲ್ಲ ಅಂದಳು. ಮತ್ತೆ ಹೇಳಿದೆ, ಅಕ್ಷರ ಬಿಡಿಸಿ ಹೇಳಿದೆ. ಅವಳಿಗೆ ಹೇಗೆ ಸಿಗಬೇಕು? ಲೋಕದಲ್ಲಿ ಇಲ್ಲದ ರಸ್ತೆ. ಹತ್ತಿರದ ಅಡ್ಡರಸ್ತೆ ಯಾವುದು ಅಂತ ಕೇಳಿದಳು. ಸುತ್ತ ನೋಡಿದೆ. ಹುಲ್ಲು, ಕಾಂಕ್ರೀಟಿನ ಪೈಪು, ಪೈಪಿನ ಮೇಲೆ ಒಂದು ಮ್ಯಾಗ್‌ಪೈ ಹಕ್ಕಿ. ನನ್ನದೇ ಬೀದಿಯ ಹೆಸರು ನಾಲಿಗೆಗೆ ಬರಲಿಲ್ಲ. ಇಡೀ ಎಸ್ಟೇಟಿನ ಮನೆ ನಂಬರುಗಳನ್ನು ಬರೆದವಳು ನಾನು. ನಮ್ಮ ಬೀದಿಯ ಹೆಸರು ಬರಲಿಲ್ಲ...

ಭಾವ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿದ್ದರು. ನನ್ನ ಫೋನನ್ನೂ ಎದುರಿನ ಬಲೆಯನ್ನೂ ಅವರು ನೋಡಿದ್ದರು. ನನ್ನ ತೋಳು ಮುಟ್ಟಿ ಹೇಳಿದರು: "ಅವಳಿಗೆ ಹೇಳ್ಬೇಡ. ಅವಳೇ ತಪ್ಪಿ ಹಾಕಿರ್ಬೇಕು. ಗೊತ್ತಾದ್ರೆ ಜೀವ ತಿಂದುಕೊಳ್ತಾಳೆ."

ಅಲ್ಲ ಭಾವ, ಅವರಲ್ಲ, ನಾನು. ನಾಲ್ಕು ಶಬ್ದ. ನನ್ನ ಬಾಯಿಂದ ಬರಲಿಲ್ಲ. "ಆಯ್ತು," ಅಂದೆ.

ಕೊನೆಗೆ ಬೀದಿಯ ಹೆಸರು ನೆನಪಾಗಿ ಹೇಳಿದೆ. ಆಂಬುಲೆನ್ಸ್ ಬಂತು. ಎಷ್ಟು ಹೊತ್ತಿಗೆ ಅಂತ ನನಗೆ ತಿಳಿಯದು. ನಮ್ಮ ತಂದೆಯೇ, ನಮೋ ಮರಿಯೆ, ಎಲ್ಲ ಪ್ರಾರ್ಥನೆಗಳನ್ನೂ ಒಂದರೊಳಗೊಂದು ಸೇರಿಸಿ ಹೇಳುತ್ತಿದ್ದೆ. ಭಾವ ಆಸ್ಪತ್ರೆ ತಲುಪಿದರು. ಮರುದಿನ ಬೆಳಗಾಗಲಿಲ್ಲ ಅವರಿಗೆ.

ಸ್ವಲ್ಪ ಮೊದಲು ಬಂದಿದ್ದರೆ ಅಂತ ಡಾಕ್ಟರ್ ಹೇಳಲಿಲ್ಲ. ಅದನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ.

ಹನ್ನೊಂದರ ಕಾರ್ಯಕ್ಕೆ ಅವರ ಮನೆ ತುಂಬಾ ಜನ. ಮ್ಯಾಪ್ ತೋರಿಸಿದ ದಾರಿಯಲ್ಲಿ ಹೋಗಿ ಕಾರು ಹೂತದ್ದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನಾನು ಕಾಫಿ ಕೊಡುತ್ತಿದ್ದೆ. ಒಬ್ಬರು ಅಂಕಲ್, ಅಕ್ಕನ ಗಂಡನ ಕಡೆಯ ನೆಂಟರು, ಜೋರಾಗಿ ಹೇಳಿದರು: "ಇಲ್ಲದ ರಸ್ತೆಯನ್ನು ಮ್ಯಾಪಿಗೆ ಹಾಕಿದವರು ಯಾರು ಹೇಳಿ? ಪುಕ್ಕಟೆ ಮ್ಯಾಪ್ ಅಂತೆ! ಅಂಥವರ ಕೈ ಬಿದ್ದು ಹೋಗ್ಲಿ."

ನನ್ನ ಟ್ರೇಯ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಗೋಡೆಗೆ ಒರಗಿ ಕೂತಿದ್ದ ಅಕ್ಕ ತಲೆ ಎತ್ತದೆ ಹೇಳಿದರು: "ನಾನೇ ಹಾಕಿದ್ದು."

ಆ ಅಂಕಲ್ ಮುಖ ಸಣ್ಣದು ಮಾಡಿಕೊಂಡರು. ಆದರೆ ಅಲ್ಲಿದ್ದ ಪ್ರತಿಯೊಬ್ಬರೂ ಅಕ್ಕನನ್ನು ನೋಡಿದ ರೀತಿ... ನಾನು ಟ್ರೇ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಲೋಟ ತೊಳೆದೆ. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಎಲ್ಲೋ ಒಂದು ಕಡೆ ನಾನು ಅಂದುಕೊಂಡೆ, ಅಕ್ಕನಿಗೆ ಗೊತ್ತಿಲ್ಲ, ಸಾವಿರ ಗೆರೆಗಳ ನಡುವೆ ತಾನೇ ಎಳೆದೆ ಅಂತ ನಿಜವಾಗಿ ನಂಬಿದ್ದಾರೆ ಅಂತ. ಇದು ಇನ್ನೂ ಕೆಟ್ಟದ್ದು. ಆದರೂ ಅದರೊಳಗೆ ಅವಿತುಕೊಂಡೆ. ಎರಡು ತಿಂಗಳು ದಿನಾ ಅವರಿಗೆ ಗಂಜಿ ಒಯ್ದೆ. ದಿನಾ ದಾರಿಯಲ್ಲಿ ವಾಕ್ಯ ಜೋಡಿಸಿಕೊಂಡು ಹೋಗುವುದು, ದಿನಾ ಪಾತ್ರೆ ಹಿಡಿದುಕೊಂಡು ವಾಪಸ್ ಬರುವುದು.

ಮನೆ ಮಾರಿ ಸಿಡ್ನಿಗೆ, ಕೆಲ್ಲಿವಿಲ್‌ನಲ್ಲಿದ್ದ ತಂಗಿಯ ಮನೆಗೆ ಹೊರಟ ದಿನ ಅಕ್ಕ ಪೆಟ್ಟಿಗೆಗಳಿಗೆ ಟೇಪ್ ಹಚ್ಚುತ್ತಿದ್ದರು. ಹಳದಿ ವೆಸ್ಟ್ ಕಸದ ಚೀಲದ ಮೇಲೆ ಬಿದ್ದಿತ್ತು. ನಾನು ಹೇಗೋ ಶುರುಮಾಡಿದೆ. "ಅಕ್ಕ, ಆ ಗೆರೆ..."

"ಅಳಿಸಿದ್ದೇನೆ ಮಾರಾಯ್ತಿ," ಅಂದರು. ಟೇಪನ್ನು ಹಲ್ಲಿನಿಂದ ಕಡಿದರು. "ಯಾರು ಎಳೆದದ್ದು ಅಂತ ನೋಡ್ಲಿಕ್ಕೆ ಹೋಗ್ಲಿಲ್ಲ. ಆ ಕತ್ತರಿ ಕೊಡು."

ಕತ್ತರಿ ಕೊಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ಹೊರಡುವಾಗ ಮಗಳನ್ನು ಅಪ್ಪಿಕೊಂಡರು, ನನ್ನ ಕೈ ಹಿಡಿದರು. ಒಂದು ಕ್ಷಣ ಹೆಚ್ಚಾಗಿಯೇ ಹಿಡಿದರೇನೋ. ಇಲ್ಲ, ಅದು ನನ್ನ ಆಸೆಯೂ ಇರಬಹುದು.

ಅವರು ಹೋದ ಮೇಲೆ ಕಂಪ್ಯೂಟರ್ ತೆರೆದೆ. ಗೆರೆ ಇರಲಿಲ್ಲ. ಅಳಿಸಿದವರು ಬರೆಯುವ ಜಾಗದಲ್ಲಿ ಅಕ್ಕ ಕನ್ನಡದಲ್ಲಿ ಎರಡೇ ಶಬ್ದ ಬರೆದಿದ್ದರು: "ರಸ್ತೆ ಇಲ್ಲ." ತಾರೀಖು ನೋಡಿದೆ. ಭಾವ ಹೋದ ಮೂರನೆಯ ದಿನ. ಹನ್ನೊಂದರ ಕಾರ್ಯಕ್ಕಿಂತ ಎಂಟು ದಿನ ಮೊದಲು. ಅದೇ ಪುಟದಲ್ಲಿ, ಅದರ ಮೇಲಿನ ಸಾಲಿನಲ್ಲಿ, ಆ ಗೆರೆ ಎಳೆದವರ ಹೆಸರು. ಅಡುಗೆಮನೆ ಕಿಟಕಿ. ಏನನ್ನೇ ಅಳಿಸುವ ಮೊದಲು ಆ ಪುಟ ತೆರೆದು ಯಾರು ಎಳೆದದ್ದು ಅಂತ ನೋಡಬೇಕು ಎಂದು ನನಗೆ ಕಲಿಸಿದವರೇ ಅಕ್ಕ. ಅವರು ಒಮ್ಮೆಯೂ ಆ ಕ್ರಮ ತಪ್ಪಿಸಿದವರಲ್ಲ.

ಅಂದರೆ ಆ ಕೋಣೆಯಲ್ಲಿ, ಅಷ್ಟು ಜನರ ಮುಂದೆ, ಅವರಿಗೆ ಗೊತ್ತಿತ್ತು. ನಾನು ಟ್ರೇ ಹಿಡಿದು ನಿಂತಿದ್ದೂ ಗೊತ್ತಿತ್ತು.

ಅದು ಅವರು ಮ್ಯಾಪಿನಲ್ಲಿ ಮಾಡಿದ ಕೊನೆಯ ಕೆಲಸ. ಆಮೇಲೆ ಅವರ ಹೆಸರಿನಲ್ಲಿ ಒಂದು ಬೆಂಚೂ ಇಲ್ಲ, ಗೇಟೂ ಇಲ್ಲ. ಮೊದಲ ಕ್ರಿಸ್‌ಮಸ್‌ಗೆ ಫೋನ್ ಮಾಡಿದಾಗ ಮಾತಾಡಿದರು, ಮಗಳ ಸ್ಕೂಲ್ ವಿಚಾರ ಕೇಳಿದರು. ಮರು ವರ್ಷ ಆ ನಂಬರ್ ಬಳಕೆಯಲ್ಲಿಲ್ಲ ಅಂತ ಬಂತು. ಇವರು ಕೆಲಸದ ಮೇಲೆ ಸಿಡ್ನಿಗೆ ಹೋದಾಗ ತಂಗಿಯ ಮನೆ ಹುಡುಕಿದರು. ಅವರೂ ಮನೆ ಬದಲಿಸಿದ್ದರು. ಯಾರು ಯಾರದ್ದೋ ಪಕ್ಕದ ಗೇಟನ್ನು ಮ್ಯಾಪಿಗೆ ಹಾಕಿದ ಅಕ್ಕನ ವಿಳಾಸ ಮಾತ್ರ ನನ್ನ ಹತ್ತಿರ ಇಲ್ಲ. ಪಾದ್ರಿಯ ಮುಂದೆ ಮಂಡಿಯೂರಿ ಹೇಳಿದ್ದೇನೆ. ದೇವರು ಕ್ಷಮಿಸಿದ್ದಾನೆ ಅಂದರು. ಇರಬಹುದು. ದೇವರ ಹೆಸರನ್ನು ನಾನು ಕೆಡಿಸಿರಲಿಲ್ಲವಲ್ಲ.

ಇಡೀ ದಿನ ಕಿಟಕಿ ಮುಚ್ಚಿಯೇ ಇಟ್ಟೆ. ಆದರೂ ವಾಸನೆ ಬಂತು, ಅನ್ನದಲ್ಲಿ, ಒಗೆದ ಬಟ್ಟೆಯಲ್ಲಿ. ಕಂಪ್ಯೂಟರಿನ ಮುಂದೆ ಒಂದು ಸಲ ಕೂತೆ. ಪಾಸ್‌ವರ್ಡ್ ಇನ್ನೂ ನೆನಪಿದೆ. ಬೆರಳು ಮಾತ್ರ ಏಳಲಿಲ್ಲ. ನಡುಗದ ಕೈ ಅಂತ ಅಕ್ಕ ಹೇಳುತ್ತಿದ್ದ ಕೈ.

ಸಂಜೆ ಬಿನ್ ಹೊರಗೆ ಇಡಲು ಹೋದಾಗ ಪಕ್ಕದ ಮನೆಯ ಪಂಜಾಬಿ ಹೆಂಗಸು ಕಾರಿನಿಂದ ತರಕಾರಿ ಚೀಲ ಇಳಿಸುತ್ತಿದ್ದರು. ಅವರು ಬಂದು ಒಂದು ವರ್ಷವೂ ಆಗಿಲ್ಲ. ಹಿಂದಿಯಲ್ಲಿ ಕೂಗಿ ಹೇಳಿದರು.

"ದೀದಿ, ಹೊಸ ರಸ್ತೆ ಬಿಟ್ಟಿದ್ದಾರೆ, ಈಗ ಅದರಲ್ಲೇ ಬಂದೆ. ಆಸ್ಪತ್ರೆಯಿಂದ ಮನೆಗೆ ಹತ್ತು ನಿಮಿಷವೂ ಆಗಲಿಲ್ಲ! ಫೋನಿನ ಮ್ಯಾಪಿನಲ್ಲಿ ಮಾತ್ರ ನನ್ನ ಕಾರು ಹುಲ್ಲಿನ ಮೇಲೆ ಓಡ್ತಾ ಇತ್ತು. ಹಾಕ್ತಾರೆ ಬಿಡಿ, ಯಾರಾದರೂ."